ಹಾಲು ಕರೆಯುವ ಕೈ ಒಡೆದಾಗ ಸ್ಯಾನಿಟೈಸರ್ ಹಚ್ಚಬಹುದೇ?



ಮಾಗಿ ಚಳಿಯಲ್ಲಿ ಹಳ್ಳಿಗಳಿಗೆ ಭೇಟಿ ನೀಡುವಾಗ ರಾಸುಗಳ ಕೆಚ್ಚಲನ್ನು ನೋಡುವ ಮೊದಲು ಅವುಗಳನ್ನು ಕರೆಯುವವರ ಕೈ ನೋಡುವ ಅಭ್ಯಾಸವನ್ನು ನಾನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಬೆರಳ ಗೆಣ್ಣುಗಳ ಮೇಲೆ ಬೂದಿ ಬಳಿದಂತೆ ಬಿಳಿಚಿದ ಚರ್ಮ, ಹೆಬ್ಬೆರಳಿನ ತುದಿಯಲ್ಲಿ ಉಗುರಿನ ಪಕ್ಕಕ್ಕೆ ಸೀಳು, ಅಂಗೈ ಗೆರೆಗಳಲ್ಲಿ ರಕ್ತ ಕಾಣುವಂತಹ ಬಿರುಕು. ಹೆಚ್ಚಾಗಿ ಇವು ನಮ್ಮ ತಾಯಂದಿರ, ಸಹೋದರಿಯರ ಕೈಗಳು. ಕರೆಯುವುದು, ಸಗಣಿ ಬಾಚುವುದು, ಕ್ಯಾನು ತೊಳೆಯುವುದು, ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು ಎಲ್ಲವೂ ಅದೇ ಎರಡು ಕೈಗಳಿಂದ ಆಗಬೇಕು. 2020ರ ನಂತರ ಇದರ ಜೊತೆಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದೇ ಸ್ಯಾನಿಟೈಸರ್.

ಕೊರೊನಾ ಸಮಯದಲ್ಲಿ ಊರಿಗೆ ಊರೇ ಬಾಗಿಲು ಹಾಕಿದ್ದರೂ ಹಾಲು ಸಂಗ್ರಹಣೆ ನಿಲ್ಲಲಿಲ್ಲ. ರಾಸು ಕೆಚ್ಚಲು ತುಂಬಿಕೊಂಡು ನಿಂತಿರುವಾಗ ನಿಲ್ಲಿಸುವುದಾದರೂ ಹೇಗೆ? 2020ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ತಾತ್ಕಾಲಿಕವಾಗಿ ಸೇರಿಸಿತು. ಸಂಘಗಳ ಮೇಜಿನ ಮೇಲೆ ಬಾಟಲಿಗಳು ಬಂದವು. ಸಾಂಕ್ರಾಮಿಕ ಹೋದರೂ ಬಾಟಲಿ ಅನೇಕ ಮನೆಗಳ ಕೊಟ್ಟಿಗೆಯ ಗೂಡಿನಲ್ಲಿ ಉಳಿದುಕೊಂಡಿದೆ. ಅದನ್ನು ಬಳಸುವುದು ತಪ್ಪಲ್ಲ. ಆದರೆ ಎಲ್ಲಿ, ಯಾವಾಗ, ಎಂತಹ ಕೈಗೆ ಬಳಸಬೇಕು ಎಂಬುದನ್ನು ಯಾರೂ ವಿವರವಾಗಿ ಹೇಳಿಕೊಟ್ಟಿಲ್ಲವಾದ್ದರಿಂದ ಈ ಲೇಖನ.

ನಾನು ಕಂಡ ಒಂದು ಮನೆ

ಮೂರು ಮಿಶ್ರತಳಿ ಹಸುಗಳಿದ್ದ ಮನೆ. ಕೊಟ್ಟಿಗೆ ಚೊಕ್ಕಟ, ಮೇವು ಉತ್ತಮ, ಲಸಿಕೆಗಳೆಲ್ಲ ಸಕಾಲಕ್ಕೆ ಆಗಿದ್ದವು. ಆದರೂ ಒಂದು ಹಸುವಿಗೆ ಎಡಗಡೆಯ ಹಿಂದಿನ ತೊಟ್ಟಿಗೆ ಆರು ತಿಂಗಳಲ್ಲಿ ಮೂರು ಸಲ ಕೆಚ್ಚಲು ಬಾವು ಬಂದಿತು. ಪ್ರತಿ ಸಲ ಔಷಧಿ, ಪ್ರತಿ ಸಲ ಸಂಘಕ್ಕೆ ಹಾಲು ಹಾಕದೆ ಚೆಲ್ಲಿದ ದಿನಗಳು. ಮೂರನೇ ಸಲ ಹೋದಾಗ ಆ ಮನೆಯ ಗೃಹಿಣಿ ಚಿಕಿತ್ಸೆಯ ಪುಸ್ತಕಕ್ಕೆ ಸಹಿ ಹಾಕಲು ಪೆನ್ನು ಹಿಡಿದು ಮುಖ ಕಿವುಚಿದರು. ಕೈ ತೋರಿಸಿ ಎಂದೆ. ಹೆಬ್ಬೆರಳು ಮತ್ತು ತೋರುಬೆರಳು ಎರಡರಲ್ಲೂ ಆಳವಾದ ಸೀಳುಗಳು.

"ಏನು ಹಚ್ಚುತ್ತೀರಮ್ಮ ಇದಕ್ಕೆ?"

"ಸ್ಯಾನಿಟೈಸರ್ ಹಾಕ್ತೀನಿ ಡಾಕ್ಟ್ರೇ. ಉರಿ ತಡೆಯಕ್ಕಾಗಲ್ಲ, ಆದ್ರೂ ಉರಿದ್ರೆ ತಾನೇ ಕ್ರಿಮಿ ಸಾಯೋದು."

ದಿನಕ್ಕೆ ಆರೇಳು ಸಲ, ಅದೂ ಪ್ರತಿ ಸಲ ಸೋಪಿನಿಂದ ಕೈ ತೊಳೆದು ಒದ್ದೆ ಆರುವ ಮೊದಲೇ ಹಚ್ಚುತ್ತಿದ್ದರು. ಆ ಹಸುವಿನ ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದಾಗ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ರೋಗಾಣು ಇರುವುದು ತಿಳಿಯಿತು. ಇದು ಮನುಷ್ಯರ ಮತ್ತು ರಾಸುಗಳ ಚರ್ಮದ ಗಾಯ, ಬಿರುಕುಗಳಲ್ಲಿ ಮನೆ ಮಾಡಿಕೊಂಡು, ಕರೆಯುವ ಕೈಯಿಂದ ಹಾಗೂ ಕೆಚ್ಚಲು ಒರೆಸುವ ಬಟ್ಟೆಯಿಂದ ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುವ ಜಾತಿಯದು. ರೋಗಾಣು ಕೈಯಿಂದ ಹಸುವಿಗೆ ಬಂದಿತೋ, ಹಸುವಿನಿಂದ ಕೈಗೆ ಹೋಯಿತೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅಂತಹ ಕೈ ಇರುವವರೆಗೆ ಕೆಚ್ಚಲಿಗೆ ಎಷ್ಟು ಟ್ಯೂಬು ಏರಿಸಿದರೂ ಒಂದು ಕಡೆ ತೂತು ಮುಚ್ಚಿ ಇನ್ನೊಂದು ಕಡೆ ತೆರೆದಿಟ್ಟಂತೆಯೇ ಸರಿ.

ಚರ್ಮ ಒಡೆಯುವುದೇಕೆ?

ಹೊಸದಾಗಿ ಮಾಡಿದ ಕಣವನ್ನು ನೆನಪಿಸಿಕೊಳ್ಳಿ. ಮಣ್ಣು ಹಾಸಿ, ನೀರು ಚಿಮುಕಿಸಿ, ಗುಂಡು ಹೊಡೆದು, ಮೇಲೆ ಸಗಣಿ ಸಾರಿಸುತ್ತೇವೆ. ಸಗಣಿಯ ಪದರ ಮಣ್ಣಿನ ಕಣಗಳನ್ನು ಹಿಡಿದಿಡುತ್ತದೆ, ಒಳಗಿನ ತೇವ ಒಮ್ಮೆಲೇ ಆರಿಹೋಗದಂತೆ ತಡೆಯುತ್ತದೆ. ಆ ಪದರ ಕೊಚ್ಚಿಹೋದರೆ ಎರಡು ದಿನದ ಬಿಸಿಲಿಗೆ ಕಣ ಬಿರಿಯುತ್ತದೆ. ಬಿರಿದ ಕಣದಲ್ಲಿ ರಾಗಿ ಕಾಳು ಸಂದಿಗೆ ಸೇರಿಕೊಂಡರೆ ಯಾವ ಪೊರಕೆಗೂ ಸಿಗುವುದಿಲ್ಲ.

ನಮ್ಮ ಚರ್ಮದ ಹೊರಪದರವೂ ಹೀಗೆಯೇ. ಅದು ಸತ್ತ ಜೀವಕೋಶಗಳ ಪದರ. ದೇಹದ ಬಹುಭಾಗದಲ್ಲಿ ಕಾಗದಕ್ಕಿಂತ ತೆಳುವಾಗಿದ್ದು ಅಂಗೈ, ಅಂಗಾಲುಗಳಲ್ಲಿ ಮಾತ್ರ ದಪ್ಪವಾಗಿರುತ್ತದೆ. ಆ ಕೋಶಗಳ ನಡುವೆ ಒಂದು ಬಗೆಯ ಜಿಡ್ಡು ತುಂಬಿಕೊಂಡಿದ್ದು, ಒಳಗಿನ ನೀರನ್ನು ಒಳಗೂ ಹೊರಗಿನ ಕೊಳೆ, ರೋಗಾಣುಗಳನ್ನು ಹೊರಗೂ ಇಡುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು. ಸಾಮಾನ್ಯ ಸೋಪು, ವಾಷಿಂಗ್ ಸೋಡಾ, ಬೂದಿ, ಸುಣ್ಣ, ಸಿಮೆಂಟು ಇವೆಲ್ಲ ಕ್ಷಾರ ಗುಣದವು. ಇವು ಜಿಡ್ಡನ್ನು ಬಿಡಿಸಿ ನೀರಿನ ಜೊತೆ ಕೊಂಡೊಯ್ಯುತ್ತವೆ. ನೀರು ಬಿಸಿಯಾದಷ್ಟೂ ಜಿಡ್ಡು ಹೆಚ್ಚು ಹೋಗುತ್ತದೆ. ಚಳಿಗಾಲದ ಒಣ ಮೂಡಣ ಗಾಳಿ ಮಿಕ್ಕ ತೇವವನ್ನೂ ಹೀರುತ್ತದೆ.

ಇಲ್ಲಿ ಒಂದು ವಿಶೇಷ ಗಮನಿಸಬೇಕು. ಮುಖಕ್ಕೆ, ತಲೆಗೆ ಎಣ್ಣೆ ಸುರಿಸುವ ಗ್ರಂಥಿಗಳು ಹೇರಳವಾಗಿವೆ. ಅಂಗೈ ಮತ್ತು ಅಂಗಾಲಿನಲ್ಲಿ ಆ ಗ್ರಂಥಿಗಳೇ ಇಲ್ಲ. ಆದುದರಿಂದಲೇ ಕೈ ಮತ್ತು ಹಿಮ್ಮಡಿ ಮೊದಲು ಒಡೆಯುವುದು. ಹಸುವಿನ ಮೊಲೆತೊಟ್ಟೂ ಅಂತಹುದೇ. ಅದರ ಚರ್ಮದಲ್ಲಿ ಕೂದಲಿಲ್ಲ, ಬೆವರು ಗ್ರಂಥಿಯಿಲ್ಲ, ಎಣ್ಣೆ ಗ್ರಂಥಿಯೂ ಇಲ್ಲ. ಹೀಗೆ ದಿನಕ್ಕೆರಡು ಬಾರಿ, ತನಗೆ ತಾನೇ ಎಣ್ಣೆ ಒದಗಿಸಿಕೊಳ್ಳಲಾರದ ಎರಡು ಚರ್ಮಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಒಂದು ಒರಟಾದರೆ ಇನ್ನೊಂದೂ ಕೆಡುತ್ತದೆ. ಒಡೆದ ಕೈಯಿಂದ ಕರೆಸಿಕೊಳ್ಳುವ ಹಸು ಕಾಲು ಝಾಡಿಸುವುದನ್ನು ನೀವು ನೋಡಿರಬಹುದು. ಅದಕ್ಕೆ ನೋವಾಗುತ್ತದೆ, ಸೊರವು ಸರಿಯಾಗಿ ಬಿಡುವುದಿಲ್ಲ, ಕೆಚ್ಚಲಿನಲ್ಲಿ ಹಾಲು ಉಳಿಯುತ್ತದೆ.

ಆಲ್ಕೋಹಾಲ್ ಮಾಡುವ ಕೆಲಸ

ನಮ್ಮ ಸಂಘಗಳಲ್ಲಿ ಹಾಲಿನ ಆಲ್ಕೋಹಾಲ್ ಪರೀಕ್ಷೆ ನಿಮಗೆ ಗೊತ್ತಿದೆ. ಪ್ರನಾಳದಲ್ಲಿ ಸಮಪ್ರಮಾಣದ ಹಾಲು ಮತ್ತು ಆಲ್ಕೋಹಾಲ್ ಬೆರೆಸಿ ಅಲುಗಾಡಿಸಿದಾಗ, ಹುಳಿಯಾಗತೊಡಗಿದ ಹಾಲಾದರೆ ಗಾಜಿನ ಗೋಡೆಗೆ ಸಣ್ಣ ಸಣ್ಣ ಗರಣೆಗಳು ಅಂಟಿಕೊಳ್ಳುತ್ತವೆ. ಹಾಲಿನ ಸಸಾರಜನಕ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಕೈಮೇಲಿನ ರೋಗಾಣುಗಳಿಗೂ ಆಲ್ಕೋಹಾಲ್ ಇದನ್ನೇ ಮಾಡುತ್ತದೆ. ಅವುಗಳ ಹೊರಗಿನ ಜಿಡ್ಡಿನ ಹೊದಿಕೆಯನ್ನು ಕರಗಿಸಿ ಒಳಗಿನ ಸಸಾರಜನಕವನ್ನು ಗರಣೆಗಟ್ಟಿಸುತ್ತದೆ. ಈ ಕೆಲಸಕ್ಕೆ ಸ್ವಲ್ಪ ನೀರೂ ಬೇಕು. ಆದುದರಿಂದ ಅಪ್ಪಟ ಆಲ್ಕೋಹಾಲಿಗಿಂತ ಶೇ. 60ರಿಂದ 80ರ ಪ್ರಮಾಣದ್ದು ಹೆಚ್ಚು ಪರಿಣಾಮಕಾರಿ. ಹೆಚ್ಚು ತೀಕ್ಷ್ಣವಾದುದು ಹೆಚ್ಚು ಒಳ್ಳೆಯದು ಎಂಬ ಭಾವನೆ ಇಲ್ಲಿ ಸಲ್ಲದು.

ರೋಗಾಣುವಿನ ಜಿಡ್ಡನ್ನು ಕರಗಿಸುವ ಆಲ್ಕೋಹಾಲ್ ನಮ್ಮ ಚರ್ಮದ ಜಿಡ್ಡನ್ನು ಬಿಡುತ್ತದೆಯೇ? ಬಿಡುವುದಿಲ್ಲ. ಆದರೆ ಸೋಪಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸೋಪು ಜಿಡ್ಡನ್ನು ನೀರಿನೊಡನೆ ಚರಂಡಿಗೆ ಒಯ್ಯುತ್ತದೆ. ಆಲ್ಕೋಹಾಲ್ ಜಿಡ್ಡನ್ನು ಕರಗಿಸಿದರೂ ಕೆಲವೇ ಕ್ಷಣಗಳಲ್ಲಿ ತಾನು ಆವಿಯಾಗುವುದರಿಂದ ಜಿಡ್ಡಿನ ಬಹುಪಾಲು ಚರ್ಮದ ಮೇಲೆಯೇ ಉಳಿಯುತ್ತದೆ. ಹೀಗಾಗಿ ಗ್ಲಿಸರಿನ್ ಸೇರಿಸಿದ ಸ್ಯಾನಿಟೈಸರನ್ನು ಒಡೆಯದ, ಒಣಗಿದ ಕೈಗೆ ಬಳಸಿದರೆ, ಅಷ್ಟೇ ಸಲ ಸೋಪಿನಿಂದ ತೊಳೆಯುವುದಕ್ಕಿಂತ ಚರ್ಮ ಕಡಿಮೆ ಒಣಗುತ್ತದೆ. ಆಸ್ಪತ್ರೆಗಳ ದಾದಿಯರ ಮೇಲೆ ನಡೆದ ಅಧ್ಯಯನಗಳಲ್ಲಿ ಇದು ಕಂಡುಬಂದಿದೆ. ಇದನ್ನು ಹೇಳಿದಾಗ ರೈತರು ನನ್ನನ್ನು ಅನುಮಾನದಿಂದ ನೋಡುತ್ತಾರೆ, ಏಕೆಂದರೆ ಉರಿಯುವುದು ಸ್ಯಾನಿಟೈಸರಿನಿಂದ, ಸೋಪಿನಿಂದಲ್ಲ.

ಉರಿಯ ಅರ್ಥವೇ ಬೇರೆ. ಗಟ್ಟಿ ಚರ್ಮದ ಮೇಲೆ ಆಲ್ಕೋಹಾಲ್ ತಣ್ಣಗಿರುತ್ತದೆ. ಉರಿದರೆ, ಹೊರಪದರ ಈಗಾಗಲೇ ಒಡೆದು ಒಳಗಿನ ಜೀವಂತ ಚರ್ಮಕ್ಕೆ, ನರತುದಿಗಳಿಗೆ ಅದು ತಾಗುತ್ತಿದೆ ಎಂದರ್ಥ. ಒಡೆದಿದ್ದು ಬಹುತೇಕ ಸೋಪು, ಸೋಡಾ, ಚಳಿಗಳಿಂದ. ಸ್ಯಾನಿಟೈಸರ್ ಚಾಡಿ ಹೇಳುತ್ತದೆ, ಅಷ್ಟೆ. ಆದರೆ ಚಾಡಿ ಹೇಳಿದ ಮೇಲೂ ಹಚ್ಚುತ್ತಲೇ ಹೋದರೆ ಗಾಯ ಮಾಯುವುದಿಲ್ಲ, ಸುತ್ತಲಿನ ಅಂಚು ಗಟ್ಟಿಯಾಗಿ ಸೀಳು ಇನ್ನಷ್ಟು ಆಳವಾಗುತ್ತದೆ. ಉರಿದರೆ ಕ್ರಿಮಿ ಸಾಯುತ್ತದೆ ಎಂಬುದು ಸರಿಯಲ್ಲ. ಬಿರುಕಿನ ಆಳದಲ್ಲಿ ಕೀವು, ಸತ್ತ ಚರ್ಮ, ಸಗಣಿಯ ಕಣದ ಮರೆಯಲ್ಲಿ ಕುಳಿತಿರುವ ರೋಗಾಣುವಿಗೆ ಆಲ್ಕೋಹಾಲ್ ತಲುಪುವ ಮೊದಲೇ ಆರಿಹೋಗುತ್ತದೆ, ಕಣದ ಸಂದಿಯ ರಾಗಿ ಕಾಳಿನಂತೆ.

ಮೇಲೆ ಹೇಳಿದ ಗೃಹಿಣಿಯವರು ಮಾಡುತ್ತಿದ್ದ ಇನ್ನೊಂದು ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಸೋಪಿನಿಂದ ತೊಳೆದ ಕೂಡಲೇ ಒದ್ದೆ ಕೈಗೆ ಸ್ಯಾನಿಟೈಸರ್ ಸುರಿದುಕೊಳ್ಳುವುದು. ಕೈಯಲ್ಲಿನ ನೀರು ಸೇರಿ ಆಲ್ಕೋಹಾಲಿನ ಶಕ್ತಿ ಕುಂದುತ್ತದೆ, ಸೋಪು ಸಡಿಲಿಸಿದ ಚರ್ಮಕ್ಕೆ ಆಲ್ಕೋಹಾಲಿನ ಪೆಟ್ಟೂ ಬೀಳುತ್ತದೆ. ಲಾಭ ಅರ್ಧ, ಹಾನಿ ಎರಡು ಪಟ್ಟು. ಎರಡರಲ್ಲಿ ಒಂದನ್ನು ಮಾಡಿ.

ಸ್ಯಾನಿಟೈಸರ್ ಕೈಲಾಗದ ಕಡೆ

ಕೊಟ್ಟಿಗೆ ಆಸ್ಪತ್ರೆಯಲ್ಲ. ಸಗಣಿ, ಗಂಜಲ, ಮಣ್ಣು, ಹಾಲು, ಎಣ್ಣೆ ಅಂಟಿದ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಪ್ರಯೋಜನವಿಲ್ಲ. ಆಲ್ಕೋಹಾಲ್ ಆ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ಅಲ್ಲಿ ನೀರು, ಸೋಪು ಬಿಟ್ಟರೆ ಬೇರೆ ದಾರಿಯಿಲ್ಲ.

ಎರಡನೆಯದು, ಕೆಲವು ರೋಗಾಣುಗಳಿಗೆ ಆಲ್ಕೋಹಾಲ್ ಸಾಲದು. ನೆರಡಿ ರೋಗ, ಚಪ್ಪೆ ರೋಗ ಮತ್ತು ಧನುರ್ವಾಯುವಿನ ರೋಗಾಣುಗಳು ಗಟ್ಟಿ ಕವಚದ ಬೀಜಾಣುಗಳಾಗಿ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಬದುಕುತ್ತವೆ. ಆಲ್ಕೋಹಾಲ್ ಅವುಗಳನ್ನು ಮುಟ್ಟಲಾರದು. ಧನುರ್ವಾಯುವಿನ ವಿಷಯವನ್ನು ಒಡೆದ ಕೈಯವರು ಮರೆಯಲೇಬಾರದು. ಸಗಣಿ ಮತ್ತು ಮಣ್ಣಿನಲ್ಲಿ ಆ ಬೀಜಾಣುಗಳು ಇರುತ್ತವೆ, ಆಳವಾದ ಸೀಳು ಅವುಗಳಿಗೆ ಹೇಳಿಮಾಡಿಸಿದ ಜಾಗ. 10 ವರ್ಷಕ್ಕೊಮ್ಮೆ ಧನುರ್ವಾಯು ನಿರೋಧಕ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ದನಗಳಿಗೆ ಲಸಿಕೆ ಹಾಕಿಸಿದ ದಿನಾಂಕ ಬಾಯಿಪಾಠ ಹೇಳುವ ನಮ್ಮ ಸದಸ್ಯರನ್ನು ಅವರದೇ ಚುಚ್ಚುಮದ್ದಿನ ಬಗ್ಗೆ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಕಾಲುಬಾಯಿ ಜ್ವರದ ವೈರಾಣುವಿಗೆ ಜಿಡ್ಡಿನ ಹೊದಿಕೆಯೇ ಇಲ್ಲದ ಕಾರಣ ಅದರ ಮೇಲೂ ಸ್ಯಾನಿಟೈಸರನ್ನು ನಂಬುವಂತಿಲ್ಲ. ಆದರೆ ಅದು ಹುಳಿಗೂ ಕ್ಷಾರಕ್ಕೂ ಬೇಗ ಸಾಯುತ್ತದೆ. ಊರಿನಲ್ಲಿ ರೋಗ ಕಾಣಿಸಿಕೊಂಡಾಗ ಕೊಟ್ಟಿಗೆಯ ನೆಲ, ಚಪ್ಪಲಿ, ಬಕೆಟ್ಟುಗಳಿಗೆ ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಬೆರೆಸಿ ಬಳಸಿ. ಕೈಗೆ ಸೋಡಾ ಬೇಡ. ತೊಳೆದ ಕೈಯನ್ನು ಲೀಟರಿಗೆ 2 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಹುಳಿ ಉಪ್ಪು, ಕರಗಿಸಿದ ನೀರಿನಲ್ಲಿ ಅದ್ದಿ ತೆಗೆದರೆ ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದುದು ಬ್ರುಸೆಲ್ಲೋಸಿಸ್, ಕಂದು ಹಾಕುವ ರೋಗ. ಈ ರೋಗವಿರುವ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕಿದಾಗ ಕರು, ನೀರು, ಸತ್ತೆ (ಮಾಸು) ಇವುಗಳಲ್ಲಿ ರೋಗಾಣು ಅಪಾರ ಸಂಖ್ಯೆಯಲ್ಲಿರುತ್ತದೆ. ಒಡೆದ ಚರ್ಮದ ಮೂಲಕ ಅದು ನೇರವಾಗಿ ನಮ್ಮ ದೇಹಕ್ಕೆ ಪ್ರವೇಶಿಸಬಲ್ಲದು. ಬರಿಗೈಯಿಂದ ಸತ್ತೆ ಎಳೆದು, ಆಮೇಲೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಆಯಿತೆಂದು ತಿಳಿಯುವುದು ಅಪಾಯಕಾರಿ. ಬಿರುಕಿನೊಳಗೆ ಹೋದದ್ದು ಹೋಯಿತು. ಮೊಳಕೈವರೆಗೆ ಬರುವ ಕೈಗವಸು ಹಾಕದೆ ಇಂತಹ ಕೆಲಸಕ್ಕೆ ಇಳಿಯಬೇಡಿ. ಸತ್ತೆಯನ್ನು ನಾಯಿ ಎಳೆದಾಡದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. ಬಿಟ್ಟು ಬಿಟ್ಟು ಬರುವ ಸಂಜೆಯ ಜ್ವರ, ರಾತ್ರಿ ಬೆವರು, ಸೊಂಟ ಕೀಲುಗಳ ನೋವು ವಾರಗಟ್ಟಲೆ ಇದ್ದರೆ ವೈದ್ಯರಿಗೆ "ನಾನು ದನ ಸಾಕುತ್ತೇನೆ, ಹಸು ಕಂದು ಹಾಕಿತ್ತು" ಎಂದು ನೀವಾಗಿಯೇ ಹೇಳಬೇಕು. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಇದರ ಚಿಕಿತ್ಸೆ ಕನಿಷ್ಠ 6 ವಾರಗಳದು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಮ್ಮೆ ಲಸಿಕೆ ಹಾಕಿಸುವುದು ಮೂಲ ಪರಿಹಾರ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದೊಂದಿಗೆ ಈ ರೋಗವೂ ಸೇರಿದೆ.

ನನ್ನದೇ ಕೈಯ ಕಥೆ

ಸೇವೆಗೆ ಸೇರಿದ ಹೊಸತರಲ್ಲಿ ನನಗೂ ಈ ಬುದ್ಧಿ ಇರಲಿಲ್ಲ. ಪ್ರತಿ ಕೃತಕ ಗರ್ಭಧಾರಣೆಯ ನಂತರ ಸೋಪು, ಮೇಲೆ ಕ್ರಿಮಿನಾಶಕ ದ್ರಾವಣ, ಅದರ ಮೇಲೆ ಸ್ಪಿರಿಟ್. ದಿನಕ್ಕೆ ಹತ್ತು ಹದಿನೈದು ಸಲ. ಎರಡನೇ ಚಳಿಗಾಲದ ಹೊತ್ತಿಗೆ ಸಿರಿಂಜು ಹಿಡಿಯಲು ಆಗದಷ್ಟು ಬೆರಳು ಸೀಳಿದವು. ಚಿಕಿತ್ಸಾಲಯದಲ್ಲಿದ್ದ ಹಿರಿಯ ಕಾಂಪೌಂಡರು ನನ್ನ ಕೈ ನೋಡಿ ನಕ್ಕು, "ಸಾರ್, ದನದ ಕೆಚ್ಚಲಿಗೆ ಮುಲಾಮು ಬರ್ಕೊಡ್ತೀರಿ, ನಿಮ್ಮ ಕೈಗೆ ರಾತ್ರಿ ಒಂದು ಹನಿ ಹರಳೆಣ್ಣೆ ಹಚ್ಕೊಳಕ್ಕೆ ಪುರುಸೊತ್ತಿಲ್ವಾ?" ಎಂದರು. ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಮಾತು ಹೆಚ್ಚು ಉಪಯೋಗಕ್ಕೆ ಬಂದಿತು.

ಮೊಲೆತೊಟ್ಟು ಅದ್ದುವ ಅಯೋಡಿನ್ ದ್ರಾವಣದಲ್ಲಿ ಗ್ಲಿಸರಿನ್ ಸೇರಿಸುವುದೂ ಇದೇ ಕಾರಣಕ್ಕೆ. ರೋಗಾಣುವೂ ಸಾಯಬೇಕು, ತೊಟ್ಟಿನ ಚರ್ಮವೂ ಒಣಗಬಾರದು. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಕೈಗೆ ಹಚ್ಚುವ ದ್ರಾವಣಕ್ಕೆ ಎರಡು ಸೂತ್ರಗಳನ್ನು ಕೊಟ್ಟಿದೆ. ಒಂದರಲ್ಲಿ ಶೇ. 80 ಇಥೈಲ್ ಆಲ್ಕೋಹಾಲ್, ಇನ್ನೊಂದರಲ್ಲಿ ಶೇ. 75 ಐಸೊಪ್ರೊಪೈಲ್ ಆಲ್ಕೋಹಾಲ್. ಎರಡರಲ್ಲೂ ಶೇ. 1.45ರಷ್ಟು ಗ್ಲಿಸರಿನ್ ಇದೆ. ಲೀಟರಿಗೆ ಒಂದು ದೊಡ್ಡ ಚಮಚದಷ್ಟು ಗ್ಲಿಸರಿನ್ ಇಷ್ಟು ವ್ಯತ್ಯಾಸ ಮಾಡುತ್ತದೆ. ಬರಿಯ ಸ್ಪಿರಿಟ್ಟಿನಲ್ಲಿ ಅದು ಇರುವುದಿಲ್ಲ. ಕೊಳ್ಳುವಾಗ ಚೀಟಿಯ ಮೇಲೆ ಆಲ್ಕೋಹಾಲ್ ಶೇ. 60ಕ್ಕಿಂತ ಕಡಿಮೆಯಿಲ್ಲವೇ, ಗ್ಲಿಸರಿನ್ ಇದೆಯೇ, ತಯಾರಕರ ಹೆಸರು, ಅವಧಿ ಇದೆಯೇ ಎಂದು ಓದಿ, ಇಲ್ಲವೇ ಓದಿಸಿ. ಚೀಟಿಯಿಲ್ಲದ ಬಿಡಿ ದ್ರಾವಣದಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತಿರುವ ಅಪಾಯವಿದೆ. ಅದು ವಿಷ, ಕಣ್ಣು ಕಳೆಯುವಂತಹುದು. ಸುವಾಸನೆ ಹೆಚ್ಚಿರುವುದನ್ನು ಕೊಟ್ಟಿಗೆಗೆ ತರಬೇಡಿ. ಕೆಲವರ ಚರ್ಮಕ್ಕೆ ಸುವಾಸನೆಯ ವಸ್ತುವೇ ಒಗ್ಗುವುದಿಲ್ಲ, ಹಾಲಿಗೂ ಆ ವಾಸನೆ ಹಿಡಿಯುತ್ತದೆ.

ದಿನದ ಕೆಲಸದಲ್ಲಿ ಪಾಲಿಸಬೇಕಾದ ಕ್ರಮ

ಕರೆಯುವ ಮೊದಲು ಕೈಯನ್ನು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಮೈಸೋಪಿನಿಂದ ತೊಳೆಯಿರಿ. ಬಟ್ಟೆ ಸೋಪು, ಪಾತ್ರೆ ಪುಡಿ, ಬೂದಿ ಬೇಡ. ಬೆರಳ ಸಂದಿಗಳಲ್ಲಿ ಸೋಪು ಉಳಿಯದಂತೆ ನೀರು ಹಾಕಿ, ಬೇರೆಯದೇ ಆದ ಒಗೆದ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಕೆಚ್ಚಲು ಒರೆಸುವ ಬಟ್ಟೆಗೂ ಕೈ ಒರೆಸುವ ಬಟ್ಟೆಗೂ ಸಂಬಂಧವೇ ಇರಕೂಡದು. ಕೈ ಮತ್ತು ತೊಟ್ಟು ಎರಡೂ ಒಣಗಿದ ಮೇಲೆ ಮುಷ್ಟಿ ಹಿಡಿತದಲ್ಲಿ ಕರೆಯಿರಿ. ಹೆಬ್ಬೆರಳು ಮಡಚಿ ಒತ್ತುವುದರಿಂದ ನಿಮ್ಮ ಗೆಣ್ಣೂ ಒಡೆಯುತ್ತದೆ, ತೊಟ್ಟೂ ಜಜ್ಜಿಹೋಗುತ್ತದೆ.

ಕೈ ಜಾರಲೆಂದು ನೊರೆಹಾಲನ್ನೋ ಎಣ್ಣೆಯನ್ನೋ ಸವರಿಕೊಂಡು ಕರೆಯುವ ಪದ್ಧತಿ ಇನ್ನೂ ಇದೆ. ಹಿರಿಯರು ಮಾಡುತ್ತಿದ್ದರು ನಿಜ. ಆದರೆ ಒದ್ದೆ ಕೈಯಿಂದ ಇಳಿಯುವ ಹಾಲು ಕೈಯ ಕೊಳೆಯನ್ನೆಲ್ಲ ತೊಟ್ಟಿನ ತುದಿಗೂ ಪಾತ್ರೆಗೂ ಒಯ್ಯುತ್ತದೆ. ಎಣ್ಣೆಯ ಜಾಗ ಕರೆದಾದ ಮೇಲೆ.

ಒಂದು ಹಸು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕೈಗೆ ಹಾಲಾಗಲಿ ಸಗಣಿಯಾಗಲಿ ತಾಗಿದ್ದರೆ ತೊಳೆಯಬೇಕು. ಕೈ ಒಣಗಿದ್ದು ನೋಡಲು ಶುಭ್ರವಾಗಿದ್ದು, ಬಿರುಕಿಲ್ಲದಿದ್ದರೆ ಇಲ್ಲಿ ಸ್ಯಾನಿಟೈಸರಿಗೆ ಒಳ್ಳೆಯ ಜಾಗವಿದೆ. ಅಂಗೈ ಗುಂಡಿ ತುಂಬುವಷ್ಟು ಸುರಿದು, ಬೆರಳ ತುದಿ, ಉಗುರ ಸಂದಿ, ಹೆಬ್ಬೆರಳ ಸುತ್ತ ತಾಗುವಂತೆ 20ರಿಂದ 30 ಸೆಕೆಂಡು ಉಜ್ಜಿ, ಪೂರ್ತಿ ಆರಿದ ನಂತರವೇ ತೊಟ್ಟು ಮುಟ್ಟಬೇಕು. ಸ್ಯಾನಿಟೈಸರನ್ನು ನೇರವಾಗಿ ತೊಟ್ಟಿಗೆ ಪ್ರತಿದಿನ ಹಚ್ಚಬಾರದು. ಕೆಚ್ಚಲಿಗೆ ಟ್ಯೂಬು ಏರಿಸುವ ಮೊದಲು ನಾವು ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವುದನ್ನು ನೋಡಿ ಕೆಲವರು ಅದನ್ನೇ ದಿನನಿತ್ಯದ ರೂಢಿ ಮಾಡಿಕೊಂಡಿದ್ದಾರೆ. ಒಂದೆರಡು ವಾರದಲ್ಲಿ ತೊಟ್ಟು ಒಡೆದು, ಹಾಲು ಕರೆಯಲು ಬಿಡದಿದ್ದಾಗ ನಮಗೆ ಕರೆ ಬರುತ್ತದೆ. ಬಾವಿರುವ ಹಸುವನ್ನು ಯಾವಾಗಲೂ ಕೊನೆಗೆ ಕರೆಯಿರಿ.

ಕ್ಯಾನು, ಬಕೆಟ್ಟು ತೊಳೆಯಲು ಉದ್ದ ಹಿಡಿಯ ಬ್ರಷ್ಷು ಬಳಸಿ. ಸೋಡಾ ನೀರಿನಲ್ಲಿ ಕೈ ಅದ್ದುವ ಕೆಲಸವಿದ್ದರೆ ರಬ್ಬರ್ ಕೈಗವಸು ಹಾಕಿಕೊಳ್ಳಿ. ಒಳಗೆ ಬೆವರಿ ಕೈ ನೆನೆದರೆ ಅದೂ ಹಾನಿಯೇ, ಆದ್ದರಿಂದ ಕೆಲಸ ಮುಗಿದ ಕೂಡಲೇ ತೆಗೆದು ತಿರುವಿ ಒಣಹಾಕಬೇಕು.

ಎಲ್ಲ ಕೆಲಸ ಮುಗಿಸಿ ಕೈ ತೊಳೆದ ಮೇಲೆ, ಚರ್ಮದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ, ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ವ್ಯಾಸಲೀನನ್ನೋ ತೆಳುವಾಗಿ ಸವರಿ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನ. ರಾತ್ರಿ ಮಲಗುವಾಗ ದಪ್ಪವಾಗಿ ಹಚ್ಚಿ ಹಳೆಯ ಹತ್ತಿ ಬಟ್ಟೆ ಸುತ್ತಿ. ದುಬಾರಿ ಕ್ರೀಮು ಬೇಕಿಲ್ಲ. ಸೀಳಿಗೆ ಸುಣ್ಣ, ಫೆವಿಕ್ವಿಕ್ಕು, ಬ್ಯಾಟರಿಯ ಮಸಿ ಹಾಕುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಸೀಳು ಮಾಯುವವರೆಗೆ, ಸಾಧ್ಯವಾದರೆ ಮನೆಯ ಬೇರೊಬ್ಬರು ಕರೆಯಲಿ. ಗಂಡಸರೂ ಕಲಿತುಕೊಂಡರೆ ಕೈ ಸವೆಯುವುದಿಲ್ಲ. ಬೇರೆ ಯಾರೂ ಇಲ್ಲದಿದ್ದರೆ ತೆಳುವಾದ ನೈಟ್ರೈಲ್ ಕೈಗವಸು ಹಾಕಿ ಕರೆಯಬಹುದು. ಹಸುವಿಗೆ ಎರಡು ದಿನ ಹೊಸತೆನಿಸುತ್ತದೆ, ಆಮೇಲೆ ಒಗ್ಗುತ್ತದೆ.

ಎಲ್ಲ ಒಡಕೂ ಒಂದೇ ಅಲ್ಲ

ಎರಡು ಮೂರು ವಾರ ಹೀಗೆ ಮಾಡಿದರೂ ವಾಸಿಯಾಗದಿದ್ದರೆ ಕಾರಣ ಬೇರೆ ಇರಬಹುದು. ಒಂದೇ ಕೈ ಒಣಗಿ ಹೊಟ್ಟು ಉದುರುತ್ತಿದ್ದು, ಅಂಚು ಕೆಂಪಾಗಿ ಹರಡುತ್ತಿದ್ದರೆ ಅದು ಕರುಗಳಿಂದ ಬಂದ ಹುಳುಕಡ್ಡಿ ಆಗಿರಬಹುದು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುವುದರಿಂದ ತುರಿಕೆ ನಾಲ್ಕು ದಿನ ತಗ್ಗಿ, ಹುಳುಕಡ್ಡಿ ಒಳಗೊಳಗೇ ಬೆಳೆಯುತ್ತದೆ. ಬದುವಿನ ಹುಲ್ಲು ಕೊಯ್ದ ಮರುದಿನ ಕೈ, ಕತ್ತು, ಕಣ್ಣುರೆಪ್ಪೆ ತುರಿಸಿದರೆ ಪಾರ್ಥೇನಿಯಂ ಗಿಡದ ಅಲರ್ಜಿಯ ಕಡೆ ಗಮನ ಹರಿಸಿ. ಹಸುವಿನ ಅಥವಾ ಎಮ್ಮೆಯ ತೊಟ್ಟಿನ ಮೇಲೆ ಗುಳ್ಳೆಗಳೆದ್ದ ಕೆಲವು ದಿನಗಳಿಗೆ ನಿಮ್ಮ ಬೆರಳಿನಲ್ಲೂ ಗುಳ್ಳೆ ಅಥವಾ ಗಂಟು ಎದ್ದರೆ ಅದು ಸಿಡುಬಿನ ಜಾತಿಯ ವೈರಾಣು. ಅದು ಒಳಸೇರುವುದೂ ಒಡೆದ ಚರ್ಮದಿಂದಲೇ. ಇವಕ್ಕೆಲ್ಲ ಚರ್ಮವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಇರುವವರು ಕೈಕಾಲಿನ ಒಡಕನ್ನು ಒಂದು ವಾರವೂ ಬಿಡಬಾರದು. ಕೀವು, ಊತ, ತೋಳಿನ ಮೇಲೆ ಕೆಂಪು ಗೆರೆ, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಆ ಕೈಯಿಂದ ಕರೆದ ಹಾಲು ಡೈರಿಗೂ ಬೇಡ, ಮನೆಗೂ ಬೇಡ. ಏಕೆಂದರೆ ಸ್ಟೆಫೈಲೋಕಾಕಸ್ ಹಾಲಿನಲ್ಲಿ ಬೆಳೆದು ಬಿಡುವ ವಿಷ, ಹಾಲು ಕಾಯಿಸಿದರೂ ನಾಶವಾಗುವುದಿಲ್ಲ.

ಆ ಮನೆಯ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಗೃಹಿಣಿಯವರು ಸ್ಯಾನಿಟೈಸರ್ ನಿಲ್ಲಿಸಿ, ರಾತ್ರಿ ಹರಳೆಣ್ಣೆ ಹಚ್ಚಿ, ಮಗನಿಗೆ ಕರೆಯಲು ಕಲಿಸಿದರು. ಮೂರು ವಾರದಲ್ಲಿ ಕೈ ಮಾಯಿತು. ಆದರೆ ಆ ಹಸುವಿನ ಎಡಗಡೆಯ ಹಿಂದಿನ ತೊಟ್ಟು ಉಳಿಯಲಿಲ್ಲ. ಬಾವು ಒಳಗೇ ಗಟ್ಟಿಗಟ್ಟಿ ಹೋಗಿತ್ತು, ಈಗ ಅದು ಮೂರು ತೊಟ್ಟಿನ ಹಸು. ಉಳಿದೆರಡು ಹಸುಗಳಿಗೆ ಈವರೆಗೆ ಬಾವು ಬಂದಿಲ್ಲ.

ಕೊನೆಯದಾಗಿ ಬಾಟಲಿಯನ್ನು ಇಡುವ ಜಾಗದ ಬಗ್ಗೆ. ಸ್ಯಾನಿಟೈಸರಿನ ಆವಿ ಬೇಗ ಬೆಂಕಿ ಹಿಡಿಯುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕೈಗೆ ಹಚ್ಚಿದ ಕೂಡಲೇ ಒಲೆ ಹೊತ್ತಿಸುವುದು, ಬೀಡಿ ಕಚ್ಚುವುದು, ಕೊಟ್ಟಿಗೆಯಲ್ಲಿ ಸೊಳ್ಳೆಗೆ ಹಾಕಿದ ಹೊಗೆಯ ಹತ್ತಿರ ಹೋಗುವುದು ಮಾಡಬೇಡಿ. ಹುಲ್ಲಿನ ಬಣವೆ, ದೀಪದ ಗೂಡು, ಬಿಸಿಲು ಬೀಳುವ ಕಿಟಕಿ ಇವುಗಳಿಂದ ದೂರ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿಡಿ. ಸಂಘದ ಕಾರ್ಯದರ್ಶಿಗಳು ಹಾಲು ಪಡೆಯುವ ಮೇಜಿನ ಮೇಲೆ, ತೆರೆದ ಕ್ಯಾನಿನ ಪಕ್ಕ ಇದನ್ನು ಇಡದೆ, ನೀರಿನ ನಲ್ಲಿಯ ಬಳಿ ಒಂದು ಸೋಪು ಮತ್ತು ಒಂದು ಸಣ್ಣ ಡಬ್ಬಿ ಕೊಬ್ಬರಿ ಎಣ್ಣೆಯ ಜೊತೆಯಲ್ಲಿ ಇಡಬೇಕಾಗಿ ಕೋರುತ್ತೇನೆ.